ಸೂಟಿ ದಿನದ ರೆಕಾರ್ಡಿಂಗ್

ಇಚಲಕರಂಜಿಯ ನಮ್ಮ ಓಣಿಯಲ್ಲಿ ಮಗ್ಗ ನಡೆಯುತ್ತಿರುವಾಗ ಕೂಸುಗಳು ನಿಶ್ಚಿಂತೆಯಿಂದ ಮಲಗಿರುತ್ತವೆ, ಮಗ್ಗ ನಿಂತರೆ ಎದ್ದು ಅಳುತ್ತವೆ. ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಒಂದು ಕಾರ್ಖಾನೆ, ಎದುರಿಗೆ ಇನ್ನೊಂದು, ಹಿಂದೆ ಮತ್ತೊಂದು. ಖಟಾಖಟ ಸದ್ದು ನೆಲದಿಂದ ಹತ್ತಿ ಅಡಿಗೆಮನೆಯ ತಾಟುಗಳನ್ನೂ ಸಣ್ಣಗೆ ನಡುಗಿಸುತ್ತದೆ. ಮದುವೆಯಾಗಿ ಗಡಹಿಂಗ್ಲಜದಿಂದ ಬಂದ ಹೊಸದರಲ್ಲಿ ನನಗೆ ತಲೆ ಸಿಡಿಯುತ್ತಿತ್ತು. ಆಮೇಲೆ ರೂಢಿಯಾಯಿತು. ರೂಢಿ ಅಂದರೆ ಏನು, ನಾನೂ ಎಲ್ಲರ ಹಾಗೆ ಒದರಿ ಒದರಿ ಮಾತಾಡುವುದನ್ನು ಕಲಿತೆ, ಅಷ್ಟೆ.

ವಾರಕ್ಕೊಂದು ದಿನ ಕಾರ್ಖಾನೆಗಳಿಗೆ ಸೂಟಿ, ಅಂದರೆ ರಜೆ. ಆ ದಿನ ಓಣಿಯಲ್ಲಿ ಕಾಗೆ ಕೂಗಿದ್ದೂ ಕೇಳುತ್ತದೆ. ನಮ್ಮ ಯಜಮಾನರು ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿರುವುದು ಅದೊಂದೇ ದಿನ. ಅವರು ಕಾರ್ಖಾನೆಯಲ್ಲಿ ಜಾಬರ್, ಅಂದರೆ ಕೆಟ್ಟ ಮಗ್ಗವನ್ನು ಸರಿ ಮಾಡುವವರು. ಉಳಿದ ದಿನಗಳಲ್ಲಿ ಅವರ ಮಾತುಕತೆಯೆಲ್ಲ ತುಟಿಯಲ್ಲಿ ಮತ್ತು ಕೈಸನ್ನೆಯಲ್ಲಿ, ಯಾಕೆಂದರೆ ಆ ಸದ್ದಿನಲ್ಲಿ ಕೂಗಿದರೂ ಪಕ್ಕದವನಿಗೆ ಕೇಳದು. ಬಾಯಿತುಂಬ ಮಾತಾಡಲು ಅವರಿಗೆ ಸಿಗುತ್ತಿದ್ದದ್ದು ಆ ಸೂಟಿಯ ದಿನ. ಅದೇ ದಿನವನ್ನು ನಾನು ನನ್ನ ವಿಡಿಯೋಗಳಿಗೆ ದನಿ ಹಿಡಿಯಲು ಇಟ್ಟುಕೊಂಡೆ. ಅವರ ಕಿವಿ ಹೋಗುತ್ತಿತ್ತು. ಅದನ್ನು ನನಗೆ ಹೇಳಬೇಕೆಂದು ಅವರು ವಾರ ವಾರ ಕಾಯುತ್ತಿದ್ದರು. ನಾನು ವಾರ ವಾರ ತುಟಿಯ ಮೇಲೆ ಬೆರಳಿಟ್ಟು "ಶ್ಶ್" ಎನ್ನುತ್ತಿದ್ದೆ. ಇದನ್ನು ಬರೆಯಲು ಕುಳಿತರೆ ಮೊದಲು ಕಣ್ಣ ಮುಂದೆ ಬರುವುದು ಆ ಬೆರಳು, ಮತ್ತು ನನಗೆ ನಾಚಿಕೆಯಾಗುತ್ತದೆ.

ವಿಡಿಯೋದ ಹುಚ್ಚು ಹತ್ತಿದ್ದು ಕೌದಿಯಿಂದ. ಮಗಳು ಕೋವಾಡದ ಗಂಡನ ಮನೆಯಲ್ಲಿ ಹಡೆದಾಗ ಮೊಮ್ಮಗಳಿಗೆಂದು ಹಳೆಯ ಸೀರೆಗಳ ಒಂದು ಚಿಕ್ಕ ಕೌದಿ ಹೊಲಿದೆ. ಹೊಲಿಯುವುದನ್ನು ಮಗಳಿಗೆ ತೋರಿಸೋಣ ಅಂತ ಫೋನಿನಲ್ಲಿ ಹಿಡಿಯಲು ಹೇಳಿದೆ. ಫೋನ್ ಹಿಡಿದವರು ಇವರೇ. ನಾನು ಕ್ಯಾಮೆರಾಕ್ಕೆ ಮುಖ ಕೊಟ್ಟು, ಬಟ್ಟೆಯ ತುಂಡು ಹೇಗೆ ಮಡಚಬೇಕು, ಹೊಲಿಗೆಯ ಟಾಕಿ ಹೇಗೆ ಬೀಳಬೇಕು ಅಂತೆಲ್ಲ ಒದರಿ ಹೇಳಿದೆ. ಕೊನೆಯ ಅಂಚು ಮುಚ್ಚುವ ಮೊದಲು ಒಂದು ಚೂರು ರೊಟ್ಟಿ ಒಳಗಿಟ್ಟು, "ಕೌದಿ ಹೊಟ್ಟಿ ಖಾಲಿ ಇರಬಾರ್ದು ನೋಡವ್ವಾ" ಅಂದೆ. ನಮ್ಮ ತವರಿನಲ್ಲಿ ಹಾಗೆ ಮಾಡದೆ ಯಾರೂ ಕೌದಿ ಮುಚ್ಚುವುದಿಲ್ಲ. ಮಗಳು ಅದನ್ನು ಯಾರಿಗೋ ಕಳಿಸಿದಳು, ಅವರು ಇನ್ಯಾರಿಗೋ. ಕಂಡು ಕೇಳದ ಹೆಂಗಸರು ಇನ್ನೂ ಮಾಡಿ ಹಾಕಿ ಅಂತ ಕೇಳತೊಡಗಿದರು. ನನಗೆ ರೆಕ್ಕೆ ಬಂತು.

ಆ ಮೊದಮೊದಲ ವಿಡಿಯೋಗಳನ್ನು ಇವರು ಮತ್ತೆ ಮತ್ತೆ ನೋಡುತ್ತಿದ್ದರು. ಊಟಕ್ಕೆ ಕುಳಿತಾಗ ಫೋನನ್ನು ತಂಬಿಗೆಗೆ ಒರಗಿಸಿಟ್ಟುಕೊಂಡು ನೋಡಿ, ನಗುವ ಕಡೆ ನಕ್ಕು, ನನ್ನ ಮಾತನ್ನೇ ನನಗೆ ಅಣಕಿಸಿ ತೋರಿಸುತ್ತಿದ್ದರು. "ಹೊಟ್ಟಿ ಖಾಲಿ ಇರಬಾರ್ದು ನೋಡವ್ವಾ, ನಂಗೊಂದ ರೊಟ್ಟಿ ಹಾಕು" ಅನ್ನುತ್ತಿದ್ದರು. ನಾನು ಹುಸಿಮುನಿಸಿನಿಂದ ರೊಟ್ಟಿ ಹಾಕುತ್ತಿದ್ದೆ.

ಎಲ್ಲ ಕೆಡಿಸಿದ್ದು ನಮ್ಮ ವೈನಿ. ಕೆಡಿಸಿದ್ದು ಅಂದರೆ ತಪ್ಪಾದೀತು, ಇದ್ದದ್ದನ್ನೇ ಹೇಳಿದಳು. ಗಡಹಿಂಗ್ಲಜದಲ್ಲಿರುವ ಅಣ್ಣನ ಹೆಂಡತಿ ಫೋನ್ ಮಾಡಿ, "ಏನಬೇ, ಗಿರಣ್ಯಾಗ ಕುಂತು ಮಾತಾಡಿದಂಗ ಐತಿ. ಹಿಂದ ಖಟಾಖಟ, ಮುಂದ ನೀ ಒದರೂದು. ಒಂದ ಅಕ್ಷರ ತಿಳಿಯೂದಿಲ್ಲ" ಅಂದಳು. ವಿಡಿಯೋದ ಕೆಳಗೆ ಬರೆಯುವ ಹೆಂಗಸರೂ ಅದನ್ನೇ ಬರೆದಿದ್ದರು. ಕೆಲಸ ಚಲೋ, ಆವಾಜ್ ಕೆಟ್ಟದ್ದು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬಂದರೆ ಕೆಲಸ ಬಿಡುವುದಿಲ್ಲ, ಹಠ ಹಿಡಿದು ಇನ್ನೂ ಹೆಚ್ಚು ಮಾಡುತ್ತೇನೆ. ಅದೇ ನನ್ನ ದೊಡ್ಡ ಗುಣ ಅಂತ ಅಂದುಕೊಂಡಿದ್ದೆ.

ದನಿ ಚೆನ್ನಾಗಿ ಬರಬೇಕಾದರೆ ಏನೇನು ಮಾಡಬೇಕು ಅಂತ ಬೇರೆಯವರ ವಿಡಿಯೋ ನೋಡಿ ಕಲಿತೆ. ಅವರಲ್ಲಿ ಬಹಳ ಮಂದಿ ದುಬಾರಿ ಮೈಕು, ದುಬಾರಿ ಕೋಣೆ ಅನ್ನುವವರು. ಅವೆಲ್ಲ ನಮ್ಮ ಕೈಗೆ ಎಟುಕುವಂಥವಲ್ಲ. ಬಜಾರದಲ್ಲಿ ಸೆರಗಿಗೆ ಸಿಕ್ಕಿಸುವ ಅಗ್ಗದ ಮೈಕು ತಂದೆ. ಅದನ್ನು ಬಾಯಿಯ ಎದುರಿಗೇ ಹಿಡಿದರೆ ಪ, ಬ ಅನ್ನುವಾಗ ಗಾಳಿ ಬಡಿದು ಡಬ್ ಡಬ್ ಅನ್ನುತ್ತದೆ. ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಟ್ಟರೆ ಸರಿ. ಅದರ ತಲೆಗೆ ಪಾತ್ರೆ ತಿಕ್ಕುವ ಹೊಸ ಸ್ಪಂಜಿನ ತುಂಡು ಕತ್ತರಿಸಿ ಟೋಪಿ ಮಾಡಿದೆ. ಖಾಲಿ ಖೋಲಿಯಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಮೆತ್ತನೆಯ ಬಟ್ಟೆ ಇದ್ದರೆ ಅದು ದನಿಯನ್ನು ಕುಡಿಯುತ್ತದೆ ಅಂತ ತಿಳಿಯಿತು. ಬಟ್ಟೆಗೆ ನಮ್ಮ ಮನೆಯಲ್ಲಿ ಏನು ಕಡಿಮೆ? ಒಳಗಿನ ಖೋಲಿಯ ಮೂಲೆಯಲ್ಲಿ ಹಗ್ಗ ಕಟ್ಟಿ ಮೂರೂ ಕಡೆ ಕೌದಿ ಇಳಿಬಿಟ್ಟೆ. ಕೆಳಗೂ ಒಂದು ಕೌದಿ, ತಲೆಯ ಮೇಲೂ ಒಂದು. ಒಳಗೆ ಕುಳಿತರೆ ಬೆವರು ಇಳಿಯುತ್ತಿತ್ತು, ಆದರೆ ದನಿ ಮಾತ್ರ ಸ್ವಚ್ಛ. ನನ್ನ ಅತ್ತೆ ಹೊಲಿದ ಕೌದಿ, ಅವ್ವ ಹೊಲಿದ ಕೌದಿ, ನಾನು ಹೊಲಿದ ಕೌದಿ, ಎಲ್ಲ ಸೇರಿ ನನ್ನ ದನಿ ಕಾಯುತ್ತಿದ್ದವು. ನನಗೆ ಹೆಮ್ಮೆಯಾಯಿತು.

ಕೈ ಕೆಲಸ ಮಾಡುವುದನ್ನು ಯಾವ ದಿನವಾದರೂ ಹಿಡಿಯಬಹುದು, ಅದಕ್ಕೆ ಸದ್ದಿನ ಹಂಗಿಲ್ಲ. ಮಾತನ್ನು ಮಾತ್ರ ಸೂಟಿಯ ದಿನ ಕೌದಿಯ ಮರೆಯಲ್ಲಿ ಕುಳಿತು ಹೇಳಿ, ಆಮೇಲೆ ಎರಡನ್ನೂ ಜೋಡಿಸುವುದು. ಹೀಗಾಗಿ ವಿಡಿಯೋದಲ್ಲಿ ನನ್ನ ಮುಖ ಬರುವುದು ನಿಂತಿತು. ಕೈಗಳು, ಸೂಜಿ, ಬಟ್ಟೆ, ಮತ್ತು ಮೇಲಿನಿಂದ ನನ್ನ ದನಿ. ಹೊಲಿಗೆ ಕಲಿಯಲು ಬಂದವರಿಗೆ ನನ್ನ ಮುಖ ಯಾಕೆ ಬೇಕು?

ಇನ್ನು ಸೂಟಿಯ ದಿನದ ಕಾನೂನುಗಳು. ಫ್ಯಾನು ಬಂದ್, ಟಿ.ವಿ. ಬಂದ್. ಫ್ರಿಜ್ಜಿನ ಗುಂಯ್ ಅನ್ನುವ ಸದ್ದು ಮೈಕಿನಲ್ಲಿ ಬರುತ್ತದೆ ಅಂತ ಅದರ ಪಿನ್ನನ್ನೂ ಕೀಳುತ್ತಿದ್ದೆ. ಒಮ್ಮೆ ಮತ್ತೆ ಹಾಕುವುದನ್ನು ಮರೆತು ಹಾಲೆಲ್ಲ ಒಡೆಯಿತು. ಇವರು ಆ ದಿನ ಕರೀ ಚಹಾ ಕುಡಿದರು. ಕುರ್ಚಿ ಎಳೆಯಬಾರದು, ಪೇಪರ್ ಮಡಚಬಾರದು, ಕೆಮ್ಮು ಬಂದರೆ ಹೊರಗೆ ಹೋಗಬೇಕು. ವಾರವಿಡೀ ಮಗ್ಗದ ನಡುವೆ ದುಡಿದು ಬಂದ ಮನುಷ್ಯ ತನ್ನ ಮನೆಯ ಹೊರಗಿನ ಖೋಲಿಯಲ್ಲಿ, ಕದ ಮುಚ್ಚಿಕೊಂಡು, ಕೈ ಕಟ್ಟಿ ಕುಳಿತಿರುತ್ತಿದ್ದರು. ಆಗ ನನಗೆ ಅದು ಹಾಗೆ ಕಾಣಲಿಲ್ಲ. ಮನೆಯವರ ಸಹಕಾರ ಅಂತ ಅಂದುಕೊಂಡೆ.

ನಡುವೆ ಒಮ್ಮೊಮ್ಮೆ ಕೌದಿ ಸರಿಸಿ ಇಣುಕುತ್ತಿದ್ದರು. "ಏ, ಕೇಳಿಲ್ಲಿ, ಸ್ವಲ್ಪ ಮಾತಾಡೂದೈತಿ" ಅನ್ನುತ್ತಿದ್ದರು.

ನಾನು ತುಟಿಯ ಮೇಲೆ ಬೆರಳಿಡುತ್ತಿದ್ದೆ. ಆಮೇಲೆ ಹೊರಗೆ ಬಂದು, "ನಡುವ ಯಾಕ್ ಬರ್ತೀರಿ? ಮತ್ತ ಮೊದಲಿಂದ ಹೇಳ್ಬೇಕಾತು ನೋಡ್ರಿ. ಏನಿತ್ತು?" ಅಂತ ರೇಗುತ್ತಿದ್ದೆ. ರೇಗಿದವಳಿಗೆ ಯಾರು ಏನು ಹೇಳುತ್ತಾರೆ? "ಏನಿಲ್ಲ ಬಿಡು" ಅನ್ನುತ್ತಿದ್ದರು. ಏನಿಲ್ಲ ಅಂದರೆ ಏನಿಲ್ಲ ಅಂತಲೇ ನಾನು ತಿಳಿದೆ.

ಒಂದು ಸಲ ಎರಡು ತೆರನಾಗಿ ದನಿ ಹಿಡಿದಿದ್ದೆ. ಒಂದು ಬರೀ ಫೋನಿನಲ್ಲಿ, ಇನ್ನೊಂದು ಮೈಕಿನಲ್ಲಿ ಹಿಡಿದು, ಹಿಂದಿನ ಸದ್ದು ತೆಗೆಯುವ ಆ್ಯಪಿನಲ್ಲಿ ತೊಳೆದದ್ದು. ಯಾವುದು ಚಲೋ ಹೇಳ್ರಿ ಅಂತ ಫೋನನ್ನು ಇವರ ಕೈಗೆ ಕೊಟ್ಟೆ. ಮಗ್ಗದ ಸದ್ದು ಕೂದಲೆಳೆಯಷ್ಟು ತಪ್ಪಿದರೂ ದೂರದಿಂದಲೇ ಗುರುತಿಸಿ, ಅಲ್ಲಿ ಲಾಳಿ ಬಡಿಯುತ್ತಿದೆ, ಇಲ್ಲಿ ಪಟ್ಟಿ ಸಡಿಲಾಗಿದೆ ಅನ್ನುವ ಮನುಷ್ಯ. ಇವರ ಕಿವಿಗಿಂತ ಚಲೋ ಕಿವಿ ನನಗೆಲ್ಲಿ ಸಿಗಬೇಕು? ಇವರು ಫೋನನ್ನು ಅಂಗೈಯಲ್ಲಿಟ್ಟು, ಸದ್ದು ಬರುವ ತೂತಿನ ಮೇಲೆ ಬೆರಳಿಟ್ಟು, ಬಹಳ ಹೊತ್ತು ಹಾಗೇ ಹಿಡಿದುಕೊಂಡರು.

"ಎರಡೂ ಚಲೋ ಅದಾವು" ಅಂದರು.

"ಎರಡೂ ಹ್ಯಾಂಗ ಚಲೋ ಅಕ್ಕಾವ್ರಿ? ಒಂದರಾಗ ಗುಂಯ್ ಅಂತೈತಿ, ಇನ್ನೊಂದರಾಗ ಇಲ್ಲ. ಅಷ್ಟೂ ತಿಳಿಯೂದಿಲ್ಲೇನು?"

"ನೀ ಮೊದಲಿನಂಗ ಮಾರಿ ತೋರ್ಸು. ಅದ ಚಲೋ ಇತ್ತು" ಅಂದರು.

ಮಾರಿ ಅಂದರೆ ನಮ್ಮ ಕಡೆ ಮುಖ. ಈ ಮಾತನ್ನು ಅವರು ಮೊದಲೂ ಹೇಳಿದ್ದರು, ಆಮೇಲೂ ಹೇಳಿದರು. ನಾನು ನಕ್ಕೆ. "ಕೂದಲ ಬೆಳ್ಳಗಾದ್ವು, ಈಗ ನನ್ನ ಮಾರಿ ಯಾರಿಗೆ ಬೇಕಾಗೇತಿ?" ಅಂದೆ. ಅವರೂ ನಕ್ಕರು. ಹೆಂಡತಿಯ ಮುಖ ನೋಡುವ ಆಸೆ, ಮುದುಕನಾಗುವ ಹೊತ್ತಿಗೆ ಇದೊಂದು ಚೇಷ್ಟೆ ಅಂತ ನಾನು ಒಳಗೊಳಗೆ ಖುಷಿಪಟ್ಟೆ ಕೂಡ. ಖುಷಿಪಟ್ಟಿದ್ದಕ್ಕೆ ಈಗ ಬೇಸರವಾಗುತ್ತದೆ.

ಬೇಸಿಗೆಯಲ್ಲಿ ತವರಿಗೆ ಹೋದೆ. ಕಾರಣ ಹೇಳಿದ್ದು ಅಣ್ಣನ ಆರೋಗ್ಯ, ನಿಜವಾದ ಕಾರಣ ಅಲ್ಲಿನ ನಿಶ್ಶಬ್ದ. ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಜೋಳದ ಚೀಲ ಇಡುವ ಒಂದು ಕತ್ತಲೆಯ ಖೋಲಿ ಇದೆ. ಸುತ್ತ ಚೀಲ, ನಡುವೆ ಒಬ್ಬರು ಕೂರುವಷ್ಟು ಜಾಗ. ಅಲ್ಲಿ ಮಾತಾಡಿ ಕೇಳಿಸಿಕೊಂಡೆ. ನನ್ನ ದನಿ ಅಷ್ಟು ಚಂದ ಇದೆ ಅಂತ ನನಗೇ ಗೊತ್ತಿರಲಿಲ್ಲ. ಒದರದೆ, ಮೆಲ್ಲಗೆ, ಉಸಿರು ಎಳೆದುಕೊಂಡು, ನಗುತ್ತಾ ಮಾತಾಡಿದ್ದೆ. ವೈನಿ ಕೇಳಿ, "ನೀ ಮದುವಿ ಆಗೂಕಿಂತ ಮದಲ ಹಿಂಗ ಮಾತಾಡ್ತಿದ್ದಿ ನೋಡಬೇ" ಅಂದಳು. ಸುಖ ಅಂದರೆ ಸುಖ. ಎರಡು ದಿನಕ್ಕೆಂದು ಹೋದವಳು ವಾರಗಟ್ಟಲೆ ಉಳಿದೆ.

ಅಲ್ಲಿಂದ ಇವರಿಗೆ ಫೋನ್ ಮಾಡಿದರೆ ಎಲ್ಲಕ್ಕೂ "ಹ್ಞೂಂ, ಹ್ಞೂಂ" ಒಂದೇ. "ಊಟಕ್ಕ ಏನ್ ಮಾಡಿದ್ರಿ?" ಅಂದರೂ ಹ್ಞೂಂ, "ಅಣ್ಣಗ ಆರಾಮ ಆತು" ಅಂದರೂ ಹ್ಞೂಂ. "ಇನ್ನೊಂದ ನಾಲ್ಕ ದಿನ ಇರ್ಲೇನ್ರಿ?" ಅಂದದ್ದಕ್ಕೂ ಹ್ಞೂಂ. ಆಮೇಲೆ ಫೋನು ತಾನಾಗಿ ಕಟ್. ನನ್ನ ಕೂಡ ಮಾತಾಡಲು ಇವರಿಗೆ ಪುರುಸೊತ್ತಿಲ್ಲ ಅಂತ ನಾನು ವೈನಿಯ ಮುಂದೆ ಮುಖ ಊದಿಸಿಕೊಂಡೆ. ವೈನಿ, "ಗಂಡಸೂರೆಲ್ಲ ಹಂಗ" ಅಂದಳು. ಇಬ್ಬರೂ ಸೇರಿ ಒಬ್ಬ ಕಿವುಡನಾಗುತ್ತಿದ್ದ ಮನುಷ್ಯನನ್ನು ಸೊಕ್ಕಿನವ ಅಂತ ತೀರ್ಮಾನ ಮಾಡಿ ಚಹಾ ಕುಡಿದೆವು.

ನನಗೆ ಹೇಗೆ ತಿಳಿಯಲಿಲ್ಲ ಅಂತ ಬೇರೆ ಊರಿನವರು ಕೇಳಬಹುದು. ಒಂದೇ ಸೂರಿನ ಕೆಳಗಿದ್ದು ಗಂಡನ ಕಿವಿ ಮಂದವಾದದ್ದು ಹೆಂಡತಿಗೆ ಗೊತ್ತಾಗದೆ? ನಮ್ಮ ಓಣಿಯಲ್ಲಿ ಗೊತ್ತಾಗುವುದಿಲ್ಲ. ಇಲ್ಲಿ ಎಲ್ಲರೂ ಒದರುತ್ತಾರೆ. ಎಲ್ಲರೂ ಎದುರಿನವರ ತುಟಿಯನ್ನೇ ನೋಡುತ್ತಾರೆ. ಕರೆಯಬೇಕಾದರೆ ಹೆಸರು ಕೂಗುವುದಿಲ್ಲ, ಹತ್ತಿರ ಹೋಗಿ ಭುಜ ತಟ್ಟುತ್ತಾರೆ. ಕಿವಿ ಇದ್ದವರೂ ಇಲ್ಲದವರೂ ಒಂದೇ ಥರ ಬದುಕುವ ಜಾಗ ಇದು. ಹೀಗೆ ಸಮಾಧಾನ ಹೇಳಿಕೊಳ್ಳುತ್ತೇನೆ, ಆದರೆ ಅದು ಪೂರ್ತಿ ಹೊಂದುವುದಿಲ್ಲ. ಸಣ್ಣ ಗುಂಯ್ ಸದ್ದನ್ನು ಹುಡುಕಿ ಹುಡುಕಿ ಅಳಿಸುತ್ತಿದ್ದವಳು ನಾನು. ನನ್ನ ಕಿವಿ ಆಗ ಬಹಳ ಚುರುಕಾಗಿತ್ತು.

ತವರಿನಿಂದ ಬಂದ ಮೇಲೆ ಒಂದು ಸೂಟಿಯ ದಿನ ಎಂದಿನಂತೆ ಕೌದಿಯೊಳಗೆ ಕುಳಿತು ರೆಕಾರ್ಡ್ ಮಾಡಿದೆ. ಎಂದಿನಂತೆ ಇವರು ಇಣುಕಿದರು, ನಾನು ಬೆರಳಿಟ್ಟೆ, ಅವರು ಹೊರಗಿನ ಖೋಲಿಗೆ ಹೋದರು. ಹೊತ್ತಾಗಿತ್ತು ಅಂತ ಆ ದಿನ ಅಡಿಗೆಮನೆಯಲ್ಲಿ ಬೇಳೆಗೆ ಕುಕ್ಕರ್ ಇಟ್ಟೇ ಕುಳಿತಿದ್ದೆ, ಮೊದಲ ಸೀಟಿಗೇ ಬಂದ್ ಮಾಡ್ರಿ ಅಂತ ಮೊದಲೇ ಸನ್ನೆ ಮಾಡಿ ತೋರಿಸಿದ್ದೆ. ಮೈಕನ್ನು ಚಾಲೂ ಮಾಡಿ, ಆ ಕಡೆ ಈ ಕಡೆ ಯೋಚಿಸದೆ ಹೇಳಬೇಕಾದ್ದನ್ನು ಹೇಳುತ್ತಾ ಹೋದೆ. ಹೊರಗೆ ಬಂದರೆ ಬೇಳೆ ಸೀದು ಹೋಗಿದೆ. ನಾನು ಬೈದೆ. ಅವರು ಬೈಸಿಕೊಂಡು ಅಂಗಡಿಗೆ ಹೋದರು.

ಮಧ್ಯಾಹ್ನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳತೊಡಗಿದೆ. ಮಾತಿನ ನಡುವಿನ ಖಾಲಿ ಜಾಗದಲ್ಲಿ ಕುಕ್ಕರಿನ ಸೀಟಿ, ಮತ್ತೆ ಸೀಟಿ, ಮತ್ತೆ ಮತ್ತೆ ಸೀಟಿ. ನಾನು ಕೌದಿಗಳ ಮರೆಯಲ್ಲಿ, ಮಾತಿನ ಭರದಲ್ಲಿ, ಹೊರಗಿನದು ಯಾವುದನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ. ಇವರಿಗೇನಾಗಿತ್ತು, ಅಡಿಗೆಮನೆಯಿಂದ ನಾಲ್ಕು ಹೆಜ್ಜೆಯಲ್ಲೇ, ಹೊರಗಿನ ಖೋಲಿಯಲ್ಲಿ ಕುಳಿತಿದ್ದರಲ್ಲ? ಆಮೇಲೆ ಬಾಜೂಮನೆಯ ಹೆಣ್ಣುಮಗಳು ಹೊರಗಿನಿಂದ ಕರೆದದ್ದು ಬಂತು. "ಕಾಕಾ! ಓ ಕಾಕಾ! ದಾರ ಉಘಡಾ ಕೀ!" ಕದ ತೆಗೆಯಿರಿ ಅಂತ ಆ ಮರಾಠಿ ಹುಡುಗಿ ಗಂಟಲು ಹರಿಯುವಂತೆ ಕೂಗಿ, ಕದ ಬಡಿದು, ಕೊನೆಗೆ ಹೊರಟುಹೋಗಿದ್ದಳು. ಕದದಿಂದ ಕೈಯಳತೆಯಲ್ಲಿ ಕುಳಿತವರು ಎದ್ದ ಸದ್ದೇ ಇಲ್ಲ.

ಆಮೇಲೆ ಒಂದು ಗೊಣಗು. ಈ ಗೊಣಗು ನನಗೆ ಹೊಸದಲ್ಲ, ಹಿಂದಿನ ಎಷ್ಟೋ ರೆಕಾರ್ಡಿಂಗಿನಲ್ಲಿ ಇತ್ತು. ಓಣಿಯಲ್ಲಿ ಯಾರೋ ಮಾತಾಡುತ್ತಾರೆ ಅಂತ ಆ್ಯಪಿಗೆ ಹಾಕಿ ತೊಳೆದುಬಿಡುತ್ತಿದ್ದೆ. ಈ ಸಲ ತೊಳೆಯುವ ಮೊದಲು ಆವಾಜ್ ಹೆಚ್ಚು ಮಾಡಿ ಕೇಳಿದೆ. ಇವರ ದನಿ. ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೇನೆ ಅಂತ ತಿಳಿದು ಬಾಯಿಬಿಟ್ಟೇ ಮಾತಾಡುತ್ತಿದ್ದರು, ತಮ್ಮ ದನಿ ತಮಗೇ ಕೇಳಿಸದ ಮನುಷ್ಯ.

"ಕೇಳಿಲ್ಲಿ. ನನಗ ಕೇಳವಲ್ದು. ಮಗ್ಗದ ಸಪ್ಪಳ ತಿಳಿವಲ್ದು. ಮಾಲಕ ಹೊಳ್ಳಿ ಹೊಳ್ಳಿ ನೋಡಾಕತ್ತಾನ." ಮತ್ತೆ, "ಹಿಂಗ ಹೇಳಿದ್ರ ಅಂಜ್ತಾಳ. ಕೇಳಿಲ್ಲಿ, ಗಾಬರಿ ಆಗಬ್ಯಾಡ, ನನಗ ಸ್ವಲ್ಪ ಕೇಳವಲ್ದು..."

ನನಗೆ ಹೇಳುವ ಮಾತನ್ನು ಅವರು ಒಬ್ಬರೇ ಕುಳಿತು ರೂಢಿ ಮಾಡಿಕೊಳ್ಳುತ್ತಿದ್ದರು. ನಾನು ಒಳಗೆ ಕೌದಿಗಳ ನಡುವೆ ಕುಳಿತು, ಯಾರೋ ಅರಿಯದ ಹೆಂಗಸರಿಗೆ, ಸೂಜಿಗೆ ದಾರ ಪೋಣಿಸುವುದು ಹೇಗೆ ಅಂತ ಹೇಳುತ್ತಿದ್ದೆ. ಹಿಂದೆ ಅಳಿಸಿಹಾಕಿದ ಗೊಣಗುಗಳಲ್ಲಿ ಏನೇನಿತ್ತೋ. ಅವು ಇನ್ನು ಸಿಗುವುದಿಲ್ಲ, ನಾನೇ ಕೈಯಾರೆ ತೊಳೆದಿದ್ದೆ.

ಅವರು ಅಂಗಡಿಯಿಂದ ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಎದುರಿಗೆ ನಿಂತು, ಮುಖಕ್ಕೆ ಮುಖ ಕೊಟ್ಟು, ದನಿ ಹೊರಡಿಸದೆ ಬರೀ ತುಟಿಯಲ್ಲಿ, "ಕಿವಿ ಕೇಳ್ಸೂದಿಲ್ಲೇನ್ರಿ?" ಅಂದೆ. ಕಾರ್ಖಾನೆಯಲ್ಲಿ ಮಾತಾಡುವ ಹಾಗೆ.

ಒಂದಕ್ಷರ ತಪ್ಪದೆ ತಿಳಿಯಿತು ಅವರಿಗೆ. ಕೈಯಲ್ಲಿದ್ದ ಚೀಲ ಕೆಳಗಿಟ್ಟು, "ಹೌದು" ಅಂದರು. ಆಮೇಲೆ ಕುರ್ಚಿಯಲ್ಲಿ ಕುಳಿತು ಎಲ್ಲ ಹೇಳಿದರು. ಮೊದಲು ಸಣ್ಣ ಸದ್ದುಗಳು ಹೋದವು, ಹಕ್ಕಿ, ಬಳೆ, ಫೋನಿನ ಗಂಟೆ. ಆಮೇಲೆ ಮಗ್ಗದ ಸದ್ದಿನೊಳಗಿನ ಸದ್ದು ಹೋಯಿತು. ಜಾಬರನಿಗೆ ಅದು ಹೋದರೆ ಕೆಲಸ ಹೋದ ಹಾಗೆ. ಎಷ್ಟೋ ದಿನದಿಂದ ಮಗ್ಗದ ಮೇಲೆ ಅಂಗೈ ಇಟ್ಟು ನಡುಕದಲ್ಲಿ ತಪ್ಪು ಹುಡುಕುತ್ತಿದ್ದರು. ನನ್ನ ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡದ್ದೂ ಹಾಗೆಯೇ.

"ನನಗ್ಯಾಕ ಹೇಳ್ಲಿಲ್ರಿ?" ಅಂದೆ. ಕೇಳಬಾರದಿತ್ತು ಆ ಪ್ರಶ್ನೆ.

ಅವರು ಬೈಯಲಿಲ್ಲ. "ನೀ ರೆಕಾರ್ಡಿಂಗದಾಗ ಇರ್ತಿದ್ದಿ" ಅಂದರು. ಆಮೇಲೆ ನನ್ನ ಕಣ್ಣು ಒರೆಸುವವರ ಹಾಗೆ ನಕ್ಕು, "ಮಾರಿ ತೋರ್ಸು ಅಂತ ಅದಕ್ಕ ಹೇಳ್ತಿದ್ದೆ. ಮೊದಲಿನ ವಿಡಿಯೋದಾಗ ನಿನ್ನ ತುಟಿ ನೋಡಿದ್ರ ಎಲ್ಲಾ ತಿಳೀತಿತ್ತು. ಆಮ್ಯಾಲೆ ಬರೇ ಕೈ ಬಂದ್ವು. ಕೈ ನೋಡಿ ಏನ್ ತಿಳ್ಕೊಳ್ಲಿ ನಾ?" ಅಂದರು.

ದನಿ ಸ್ವಚ್ಛವಾದಷ್ಟೂ ನಾನು ಅವರಿಗೆ ಕೇಳದವಳಾದೆ. ಊರ ಮಂದಿಗೆಲ್ಲ ನನ್ನ ಮಾತು ಮುಟ್ಟಬೇಕು ಅಂತ ಹಠ ಹಿಡಿದು, ಮನೆಯ ಮನುಷ್ಯನಿಗೆ ಮುಟ್ಟುತ್ತಿದ್ದ ಒಂದು ದಾರಿಯನ್ನೂ ಮುಚ್ಚಿದ್ದೆ. ಆ ಸಂಜೆ ಅವರು ಸೀದ ಬೇಳೆಯನ್ನೇ ಅನ್ನಕ್ಕೆ ಕಲಸಿಕೊಂಡು ಉಂಡರು.

ಮರುದಿನವೇ ಕೊಲ್ಹಾಪುರಕ್ಕೆ ಹೊರಟೆವು. ಹಾತಕಣಂಗಲೆ ದಾಟುವವರೆಗೂ ಬಸ್ಸಿನಲ್ಲಿ ನಾನು ಮಾತಾಡುತ್ತಲೇ ಇದ್ದೆ, ಅವರು ಕಿಟಕಿ ಬಿಟ್ಟು ನನ್ನ ಕಡೆ ತಿರುಗಿ ಕುಳಿತು ತುಟಿ ನೋಡುತ್ತಲೇ ಇದ್ದರು. ಕುತ್ತಿಗೆ ನೋಯುತ್ತದೆ, ಆ ಕಡೆ ನೋಡ್ರಿ ಅಂದರೂ ಬಿಡಲಿಲ್ಲ.

ಕಿವಿಯ ಡಾಕ್ಟರರ ಹತ್ತಿರ ಒಂದು ಪುಟ್ಟ ಗಾಜಿನ ಕಿಟಕಿಯ ಖೋಲಿ ಇತ್ತು. ಕದ ಒಂದು ಮೊಳ ದಪ್ಪ. ಒಳಗೆ ನಾಲ್ಕೂ ಗೋಡೆಗೆ ಉಬ್ಬು ತಗ್ಗಿನ ಮೆತ್ತನೆಯ ಸ್ಪಂಜು. ಇವರನ್ನು ಒಳಗೆ ಕೂಡಿಸುವಾಗ ನಾನೂ ಒಂದು ಹೆಜ್ಜೆ ಒಳಗಿಟ್ಟೆ. ಅಂಥ ನಿಶ್ಶಬ್ದವನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆಗ ನನಗೆ ಮೊದಲು ಬಂದ ವಿಚಾರ, ಇಂಥ ಖೋಲಿ ನನಗೆ ಸಿಕ್ಕರೆ ದನಿ ಎಷ್ಟು ಚಂದ ಬಂದೀತು ಅನ್ನುವುದು. ಗಂಡನನ್ನು ಕಿವಿಯ ಪರೀಕ್ಷೆಗೆ ಕೂಡಿಸುವ ಹೊತ್ತಿನಲ್ಲಿ. ಇದನ್ನು ಯಾರಿಗೂ ಹೇಳಿಲ್ಲ, ಅವರಿಗೂ ಹೇಳಿಲ್ಲ.

"ಆವಾಜ ಆಲಾ ಕೀ ಬೋಟ ವರ ಕರಾ" ಅಂತ ಅಲ್ಲಿನ ಹೆಣ್ಣುಮಗಳು ಹೇಳಿದಳು. ಸದ್ದು ಬಂದ ಕೂಡಲೆ ಬೆರಳು ಮೇಲೆ ಮಾಡಿ. ಇವರ ಕಿವಿಗೆ ಹೆಡ್‌ಫೋನ್ ಹಾಕಿ ಕದ ಮುಚ್ಚಿದಳು. ಹೊರಗೆ ಯಂತ್ರದ ಮುಂದೆ ಕುಳಿತು ಗುಂಡಿ ಒತ್ತತೊಡಗಿದಳು. ಪ್ರತಿ ಸದ್ದಿಗೂ ಯಂತ್ರದ ಮೇಲೆ ಒಂದು ಸಣ್ಣ ದೀಪ ಹತ್ತುತ್ತಿತ್ತು. ದೀಪ ಹತ್ತಿದಾಗ ನಾನು ಗಾಜಿನ ಆಚೆ ಅವರ ಬೆರಳು ನೋಡುತ್ತಿದ್ದೆ. ಬೆರಳು ಏಳಲಿಲ್ಲ. ಮತ್ತೆ ದೀಪ ಹತ್ತಿತು, ಬೆರಳು ತೊಡೆಯ ಮೇಲೆ ಹಾಗೇ ಇತ್ತು. ಅವರು ಪರೀಕ್ಷೆಗೆ ಕುಳಿತವರ ಹಾಗೆ ಮೈ ಬಿಗಿ ಮಾಡಿಕೊಂಡು, ಸದ್ದಿಗಾಗಿ ಕಾಯುತ್ತಿದ್ದರು. ಒಮ್ಮೆ ಅನುಮಾನದಿಂದ ಬೆರಳು ಅರ್ಧ ಎತ್ತಿ, ನನ್ನ ಕಡೆ ನೋಡಿ, ಇಳಿಸಿದರು. ಆಗ ದೀಪ ಹತ್ತಿರಲಿಲ್ಲ. ಅಲ್ಲಿ ನಾನು ಅತ್ತೆ. ಗಾಜಿನ ಆಚೆಯಿಂದ ಅವರು ತುಟಿಯಲ್ಲೇ, "ಅಳಬ್ಯಾಡ" ಅಂದರು. ಆ ಹೆಣ್ಣುಮಗಳಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು.

ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಅಂದರು ಡಾಕ್ಟರ್. ಕಿವಿಯ ಯಂತ್ರ ಹಾಕಿಕೊಳ್ಳಬೇಕು, ಮಗ್ಗದ ಹತ್ತಿರ ಹೋಗಬಾರದು. ಇವರು ಮಾಲಕರ ಮುಂದೆ ಹೋಗಿ ನಿಜ ಹೇಳಿದರು. ಹೇಳುವ ಧೈರ್ಯಕ್ಕೆ ನಾನೂ ಕಾರ್ಖಾನೆಯ ಬಾಗಿಲವರೆಗೆ ಹೋಗಿದ್ದೆ. ಮಾಲಕರು ಕೆಲಸದಿಂದ ತೆಗೆಯಲಿಲ್ಲ, ನೇಯ್ದ ಬಟ್ಟೆಯಲ್ಲಿ ಎಳೆ ತಪ್ಪಿದ್ದನ್ನು ಕಣ್ಣಿನಿಂದ ಹುಡುಕುವ ಜಾಗಕ್ಕೆ ಹಾಕಿದರು. ಜಾಬರ್ ಆಗಿದ್ದವರಿಗೆ ಅದು ಕೆಳಗಿನ ಕೆಲಸ. ಇವರು ಅದನ್ನು ಆಡಿ ತೋರಿಸುವುದಿಲ್ಲ, ಆದರೆ ಮೊದಲಿನ ಹಾಗೆ ಕೆಲಸದ ಸುದ್ದಿ ಹೇಳುವುದೂ ಇಲ್ಲ.

ನಾನು ಹಗ್ಗ ಬಿಚ್ಚಿ ಕೌದಿಗಳನ್ನು ಮಡಚಿಟ್ಟೆ. ಸೂಟಿಯ ದಿನ ಫೋನನ್ನು ಗೋಡೆಯ ಮಾಡದಲ್ಲಿಡುತ್ತೇನೆ. ವಿಡಿಯೋ ಬಿಟ್ಟಿಲ್ಲ, ಬಿಟ್ಟೆ ಅಂದರೆ ಸುಳ್ಳಾಗುತ್ತದೆ. ಈಗ ಮಗ್ಗ ನಡೆಯುವ ದಿನವೇ, ಮುಖ ತೋರಿಸಿ, ಮೈಕನ್ನು ಬಾಯಿಗೆ ಹತ್ತಿರ ಹಿಡಿದು ಮಾತಾಡುತ್ತೇನೆ. ಹಿಂದೆ ಖಟಾಖಟ ಇದ್ದೇ ಇರುತ್ತದೆ. ಆವಾಜ್ ಮೊದಲಿನಂತಿಲ್ಲ ಅಂತ ಬಹಳ ಮಂದಿ ಬರೆಯುತ್ತಾರೆ, ವೈನಿಯೂ ಬೈಯುತ್ತಾಳೆ.

ಕಿವಿಯ ಯಂತ್ರ ಬಂದ ಮೇಲಿನ ಮೊದಲ ಸೂಟಿಯ ದಿನ. ಇವರು ಅದನ್ನು ಹಾಕಿಕೊಂಡು ಹೊರಗಿನ ಖೋಲಿಯಲ್ಲಿ ಕುಳಿತಿದ್ದರು. ಬಳೆಯ ಸದ್ದಿಗೆ ತಿರುಗಿದರು, ಫ್ಯಾನಿನ ಸದ್ದಿಗೆ ಮೇಲೆ ನೋಡಿದರು. "ನೀ ತವರಿಗೆ ಹೋಗಿ ಮಾಡಿದ್ದೆಲ್ಲ, ಆ ವಿಡಿಯೋ ಹಚ್ಚು" ಅಂದರು. ಬೇಡ ಅಂದೆ. ಕೇಳಲಿಲ್ಲ. ಜೋಳದ ಚೀಲಗಳ ನಡುವೆ ಕುಳಿತು ಹಿಡಿದ ದನಿ, ನಾನು ಎಂದಾದರೂ ಹಿಡಿದದ್ದರಲ್ಲಿ ಎಲ್ಲಕ್ಕಿಂತ ಚೆಂದದ್ದು. ಹಚ್ಚಿಕೊಟ್ಟೆ. "ಬರ್ರಿ, ಕೂಡ್ರಿ, ಅವಸರ ಮಾಡಬ್ಯಾಡ್ರಿ, ತಪ್ಪಿದ್ರ ಬಿಚ್ಚಿ ಮತ್ತ ಹೊಲಿಯೂಣು" ಅಂತ ಆ ದನಿ ಹೇಳುತ್ತಿತ್ತು. ಇವರು ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದರು.

ಮುಗಿದ ಮೇಲೆ ನನ್ನ ಕಡೆ ನೋಡಿದರು. ಮುಖದಲ್ಲಿ ಸಿಟ್ಟಿಲ್ಲ, ಬರೀ ಆಶ್ಚರ್ಯ.

"ಇಷ್ಟ ಮೆತ್ತಗ ನೀ ನನ್ನ ಜೋಡಿ ಯಾವಾಗ ಮಾತಾಡಿದಿ?" ಅಂದರು.

ಉತ್ತರ ಹೇಳಲು ಬಾಯಿ ತೆರೆದೆ. ಆ ದನಿಯಲ್ಲೇ ಹೇಳೋಣ, ಮೆಲ್ಲಗೆ, ಉಸಿರು ಎಳೆದುಕೊಂಡು, ಜೋಳದ ಖೋಲಿಯಲ್ಲಿ ಹೇಳಿದ ಹಾಗೆ. ಬರಲಿಲ್ಲ. ಬಂದದ್ದು ಅದೇ ಹಳೆಯ, ಮಗ್ಗದ ಮೇಲೆ ಒದರಿ ಒದರಿ ಒರಟಾದ ದನಿ.

"ಚಾ ಆರಾಕತ್ತೇತಿ, ಕುಡೀರಿ!"

ಅವರು ಬೆಚ್ಚಿಬಿದ್ದು, ಯಂತ್ರದ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ನಕ್ಕರು. "ಹಾಂ, ಇದು ನಿಂದು" ಅಂದು ಕಪ್ಪು ಎತ್ತಿಕೊಂಡರು.